ಶ್ರೀಖಂಡದ ಸಾಕ್ಷಿ

ನನ್ನ ಗಂಡ ವಿಠ್ಠಲಾಚಾರ್ಯರು ಮದುವೆ ಅಡುಗೆಯವರು. ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಅವರ ಕೈಯ ಶ್ರೀಖಂಡ ತಿನ್ನದೆ ಮದುವೆಯಾದವರು ಕಡಿಮೆ. ನಾನು ಅವರ ಹೆಂಡತಿ ಸತ್ಯಭಾಮಾಬಾಯಿ; ನನಗೆ ನೆಟ್ಟಗೆ ಅನ್ನ ಮಾಡಲೂ ಬರುವುದಿಲ್ಲ. ಮದುವೆಯಾದಾಗಿನಿಂದ ಅವರು ಮಾಡಿ ಹಾಕಿದ್ದನ್ನು ಉಂಡು, ಉಪ್ಪು ಹೆಚ್ಚಾಯಿತು, ಹುಳಿ ಕಡಿಮೆಯಾಯಿತು ಎಂದು ತಕರಾರು ತೆಗೆದೇ ಬದುಕಿದವಳು. ಬಾಯಿ ಜೋರು ಎಂದು ಓಣಿಯಲ್ಲಿ ಹೆಸರಿದೆ. ಇರಲಿ, ಆ ಬಾಯಿ ಒಂದು ಸಲವಾದರೂ ಉಪಯೋಗಕ್ಕೆ ಬಂತು. ಅದನ್ನೇ ಹೇಳುತ್ತೇನೆ, ನಡುವೆ ಬಾಯಿ ಹಾಕದೆ ಕೇಳಿ.

ಎರಡು ವರ್ಷದ ಹಿಂದೆ, ಕೆಟ್ಟ ಬೇಸಿಗೆಯಲ್ಲಿ, ಮಾನ್ವಿಯ ಡಾಕ್ಟರ್ ಗುರುಪ್ರಸನ್ನ ಅವರ ನರ್ಸಿಂಗ್ ಹೋಮಿನಲ್ಲಿ ಒಂದೇ ದಿನ ಇಬ್ಬರು ಬಾಣಂತಿಯರು ಸತ್ತರು. ಹೆರಿಗೆ ಸುಸೂತ್ರವಾಗಿತ್ತು, ಕೂಸುಗಳು ಚೆನ್ನಾಗಿ ಅತ್ತಿದ್ದವು, ಆಮೇಲೆ ರಕ್ತ ನಿಲ್ಲಲಿಲ್ಲ. ರಕ್ತ ನಿಲ್ಲಲು ಇಂಜೆಕ್ಷನ್ ಕೊಟ್ಟವಳು ನರ್ಸ್ ಶಶಿಕಲಾ, ಹಿರೇಕೊಟ್ನೆಕಲ್ಲಿನ ಕೂಲಿಯವರ ಮಗಳು. ಪೊಲೀಸರು ಒಯ್ದ ಔಷಧವನ್ನು ಪರೀಕ್ಷೆ ಮಾಡಿಸಿದರೆ ಅದರಲ್ಲಿ ಸತ್ವವೇ ಇರಲಿಲ್ಲ. ಅಸಲಿ ಔಷಧ ಹೊರಗೆ ಮಾರಿಕೊಂಡು ನಕಲಿ ಇಟ್ಟಿದ್ದಾಳೆ ಎಂದು ಡಾಕ್ಟರು ದೂರು ಕೊಟ್ಟರು. ಜನ ಅದಕ್ಕೆ ಉಪ್ಪು ಖಾರ ಹಚ್ಚಿ, ಬಾಣಂತಿಯರಿಗೆ ನೀರು ಚುಚ್ಚಿ ಕೊಂದಳು ಎಂದು ಮಾಡಿಕೊಂಡರು.

ಅಲ್ಲಿಂದ ಅವಳಿಗೆ ‘ನೀರಿನ ಸಿಸ್ಟರ್’ ಎಂದೇ ಹೆಸರಾಯಿತು. ಮಾನ್ವಿ ಬಂದ್ ಆಯಿತು, ದೇವದುರ್ಗದಲ್ಲಿ ಟೈರು ಸುಟ್ಟರು, ಬಿಳಿ ಸೀರೆ ಉಡಿಸಿದ ಗೊಂಬೆಗೆ ಚಪ್ಪಲಿ ಹಾರ ಹಾಕಿ ಬೆಂಕಿ ಇಟ್ಟರು. ಸತ್ತವರಲ್ಲಿ ಒಬ್ಬಳ ಗಂಡ, ದೇವದುರ್ಗದ ಹುಲಿಗೇಶ, ಕೋರ್ಟಿನ ಮುಂದೆ ಅವಳ ಮುಖಕ್ಕೆ ಉಗುಳಿದ್ದನ್ನು ಎಲ್ಲರೂ ಫೋನಿನಲ್ಲಿ ಹಾಕಿಕೊಂಡು ನೋಡಿದರು. ನಮ್ಮ ಓಣಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತವರೆಲ್ಲ ನ್ಯಾಯಾಧೀಶರೇ. ಒಬ್ಬ ಗಲ್ಲು ಅನ್ನುವವನು, ಇನ್ನೊಬ್ಬ ಗಲ್ಲು ಸಾಲದು ಅನ್ನುವವನು. ಅವಳ ಪರ ನಿಲ್ಲಲು ಯಾವ ವಕೀಲನೂ ಒಪ್ಪಲಿಲ್ಲ. ಕಡೆಗೆ ನಮ್ಮ ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರದ ವಕೀಲ ವಲಿ ಪಾಷಾ ಒಪ್ಪಿದರು. ಮರುದಿನವೇ ಅವರ ಬೋರ್ಡಿಗೆ ಯಾರೋ ಡಾಂಬರು ಬಳಿದಿದ್ದರು.

ವಿಚಾರಣೆ ರಾಯಚೂರಿನಲ್ಲೇ ನಡೆಯಿತು. ಡಾಕ್ಟರು ಸಾಕ್ಷಿ ಹೇಳಿದ ಮರುದಿನ ಮಧ್ಯಾಹ್ನ ನಾನು ಎಲೆಯ ಮುಂದೆ ಕೂತು, ಫೋನಿನಲ್ಲಿ ಬಂದ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ‘ಔಷಧವು ಒಂದು ದಿನವೂ ಫ್ರಿಜ್ಜಿನಿಂದ ಹೊರಗೆ ಬಂದಿಲ್ಲ, ಆದ್ದರಿಂದ ಕೆಡುವ ಪ್ರಶ್ನೆಯೇ ಇಲ್ಲ, ಅದು ನಕಲಿಯೇ ಎಂದು ಡಾ. ಗುರುಪ್ರಸನ್ನ ನುಡಿದರು’ ಎಂದು ಓದಿದೆ. ಸಾರು ಬಡಿಸುತ್ತಿದ್ದ ಇವರ ಕೈ ಅಲ್ಲೇ ನಿಂತಿತು.

“ಸುಳ್ಳು,” ಎಂದರು.

“ಯಾವುದು ಸುಳ್ಳು?”

“ಔಷಧ ಹೊರಗ ಬಂದಿತ್ತು. ತೆಗಿಸಿದಾವ ನಾನ.”

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಸಾರಿನ ಪಾತ್ರೆ ಕೆಳಗಿಟ್ಟು ಅಲ್ಲೇ ಕೂತು ಹೇಳತೊಡಗಿದರು. ಆ ಸಾವುಗಳಿಗೆ ಮುಂಚಿನ ವಾರ ಡಾಕ್ಟರ ಮಗಳು ಪೂರ್ಣಶ್ರೀಯ ಮದುವೆ ಇತ್ತು. ನರ್ಸಿಂಗ್ ಹೋಮಿನ ಹಿಂದೆಯೇ ಅವರ ಮನೆ. ಮದುವೆಯೆಂದು ಆಸ್ಪತ್ರೆಗೆ ಬೀಗ ಹಾಕಿ, ನರ್ಸುಗಳಿಗೆಲ್ಲ ರಜೆ ಕೊಟ್ಟಿದ್ದರು. ಆ ಬಿಸಿಲಿಗೆ ಶ್ರೀಖಂಡಕ್ಕೆ ಕಟ್ಟಿದ ಮೊಸರು ಹೊತ್ತು ಏರುವುದರೊಳಗೆ ಹುಳಿಯಾಗುತ್ತದೆ. ತಣ್ಣಗೆ ಇಡಲು ಜಾಗ ಬೇಕು ಎಂದು ಇವರು ಕೇಳಿದಾಗ ಡಾಕ್ಟರು ಆಸ್ಪತ್ರೆಯ ದೊಡ್ಡ ಫ್ರಿಜ್ ತೋರಿಸಿದರು. ಅದರಲ್ಲಿ ಔಷಧದ ಡಬ್ಬಿಗಳಿದ್ದವು.

“ದೇವರ ನೈವೇದ್ಯಕ್ಕ ಹೋಗೂ ಪದಾರ್ಥ ಔಷಧದ ಪಕ್ಕ ಇಡಂಗಿಲ್ಲ ಅಂದೆ,” ಎಂದರು ಇವರು. “‘ಮಡಿ ಅಲ್ಲೇನ? ಅಷ್ಟ ಏನು, ತೆಗಸ್ತೀನಿ’ ಅಂದ ಡಾಕ್ಟರ. ಫ್ರಿಜ್ ಖಾಲಿ ಮಾಡಿ, ತೊಳದು, ನನ್ನ ಪಾತ್ರಿ ಇಟ್ಟೆ. ಡಬ್ಬಿ ಎಲ್ಲಾ ಮಾಳಗಿ ಮ್ಯಾಲಿನ ತಗಡಿನ ಶೆಡ್ಡಿಗೆ ಹೋದ್ವು. ಮದುವಿ ವಾರ ಪೂರಾ ಅಲ್ಲೇ ಇದ್ದವು. ನಾ ಪಾತ್ರಿ ಕಟಿಗೊಂಡು ಹೊಂಟ ದಿನ ಕೆಳಗ ತಂದು ಮತ್ತ ಫ್ರಿಜ್ಜಿನ್ಯಾಗ ಇಟ್ಟರು.”

ಮೇ ತಿಂಗಳ ಮಾನ್ವಿ. ತಗಡಿನ ಶೆಡ್ಡು. ಆ ಕಾವಿಗೆ ಯಾವ ಔಷಧದ ಸತ್ವ ಉಳಿದೀತು!

“ಎರಡು ವರ್ಷ ಬಾಯಾಗ ಕಡಬು ಇಟಗೊಂಡು ಕೂತಿದ್ರೇನ್ರಿ?”

“ಔಷಧಾನೂ ಮೊಸರಿನ್ಹಂಗ ಕೆಡತದ ಅಂತ ನನಗೇನು ಗೊತ್ತು? ಇವತ್ತ ನೀ ಓದಿದ ಮ್ಯಾಲೆ ತಿಳೀತು.”

“ತಿಳೀತಲ್ಲ. ಅಂಗಿ ಹಾಕ್ಕೊಳ್ರಿ, ವಕೀಲರ ಹತ್ರ ಹೋಗೋಣ.”

ಅವರು ಏಳಲಿಲ್ಲ. ಡಾಕ್ಟರು ನಮ್ಮವರು, ನಮ್ಮ ಮಠದವರು, ಇವರಿಗೆ ಹತ್ತಾರು ದೊಡ್ಡ ಮನೆಗಳ ಅಡುಗೆ ಕೊಡಿಸಿದವರು. “ನಮ್ಮವನ ಮ್ಯಾಲೆ ಕೋರ್ಟಿನ್ಯಾಗ ನಿಂತು ಹೇಳಲೇನ? ನಾಳೆ ಯಾರು ನನ್ನ ಅಡಿಗಿಗೆ ಕರೀತಾರ? ನನ್ನೂ ಹಿಡದು ಒಳಗ ಹಾಕ್ತಾರ. ಮಡಿ ಮಾಡಿದ್ದ ತಪ್ಪಾತೇನು?”

“ದೇವರು ಬಂದು ಹೇಳಿದ್ನೇನ್ರಿ, ನನ್ನ ಶ್ರೀಖಂಡದ ಪಕ್ಕ ಇಂಜೆಕ್ಷನ್ ಇಡಬ್ಯಾಡ ಅಂತ? ಆ ಹುಡುಗಿ ಜೈಲಿಗೆ ಹೋದ್ರ ನಿಮ್ಮ ಮಡಿ ಉಳೀತದೇನು?”

ಅವರು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದರು. ಎಲೆ ಮಡಿಚಿ ಎದ್ದೆ. “ನೀವು ಕೋರ್ಟಿಗೆ ಹೋಗೂ ತನಕ ನಿಮ್ಮ ಕೈಯ ಅನ್ನ ನಾ ಉಣ್ಣೂದಿಲ್ಲ,” ಎಂದೆ.

ಅಡುಗೆಯವನಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಹಿತ್ತಲಿನಲ್ಲಿ ಬೇರೆ ಒಲೆ ಹೂಡಿದೆ. ಮೊದಲ ದಿನ ಅನ್ನ ಸೀದು ಹೋಯಿತು, ಎರಡನೆಯ ದಿನ ಗಂಜಿಯಾಯಿತು, ಆಮೇಲೆ ಆಗಿದ್ದಕ್ಕೆ ಹೆಸರೇ ಇಲ್ಲ. ಹೊಗೆಗೆ ಕೆಮ್ಮುತ್ತ ಅದನ್ನೇ ನುಂಗಿದೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ಮುಂಜಾನೆ ನಾನು ಕರಿಹಿಡಿದ ರೊಟ್ಟಿ ಮುರಿಯುತ್ತಿದ್ದಾಗ, ಅಂಗಿ ಹಾಕಿಕೊಂಡು ಹೆಗಲಿಗೆ ಶಲ್ಯ ಏರಿಸಿ ಬಂದರು.

“ನಡಿ. ಇನ್ನ ಆ ರೊಟ್ಟಿ ನನ್ನ ಕಣ್ಣಿಂದ ನೋಡ್ಲಿಕ್ಕೆ ಆಗೂದಿಲ್ಲ,” ಎಂದರು. ಅಡುಗೆಯ ಮಾತನ್ನೇ ಆಡಿದರು, ಆದರೆ ಕಣ್ಣುಗಳು ಕೆಂಪಾಗಿದ್ದವು. ಅವರು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಎಂದು ನನಗೆ ಗೊತ್ತಿತ್ತು.

ಜಾಮೀನಿನ ಮೇಲೆ ಹೊರಗಿದ್ದ ಶಶಿಕಲಾ ಆಗ ವಲಿ ಪಾಷಾ ಅವರ ಆಫೀಸಿನಲ್ಲೇ ಇದ್ದಳು. ಫೋಟೋದಲ್ಲಿ ರಾಕ್ಷಸಿಯ ಹಾಗೆ ತೋರಿಸಿದ್ದರಲ್ಲ, ನೋಡಿದರೆ ಸಣಕಲು ಹುಡುಗಿ. ಇವರು ತಲೆ ತಗ್ಗಿಸಿಕೊಂಡು ಮೊದಲಿನಿಂದ ಕಡೆಯವರೆಗೆ ಹೇಳಿದರು. ಅವಳು ಬೈಯುತ್ತಾಳೆ ಎಂದು ನಾನು ಕಾದೆ. ಅವಳು ತನ್ನ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡಿದಳು.

“ನನ್ನ ಕೈಯಾಗ ಏನೋ ತಪ್ಪಾಗಿರಬೇಕು ಅನಕೊಂಡಿದ್ದೆರೀ ಆಚಾರ್ರೆ,” ಎಂದಳು. “ಮಂದಿ ಅಂದಿದ್ದಕ್ಕಲ್ಲ. ನನಗ ಹಂಗ ಅನಸ್ತಿತ್ತು. ನೀರು ಕುಡಿಯಾಕ ಲೋಟ ಹಿಡದ್ರೂ ಈ ಕೈ ಮ್ಯಾಲೆ ನಂಬಿಕಿ ಇರಲಿಲ್ಲ.” ಆಮೇಲೆ ಅತ್ತಳು. ನಾನೂ ಅತ್ತೆ. ವಲಿ ಪಾಷಾ ಸಾಹೇಬರು ಕನ್ನಡಕ ಒರೆಸಿಕೊಂಡು, “ಇನ್ಶಾ ಅಲ್ಲಾ, ಇನ್ನ ನೋಡ್ರಿ,” ಎಂದರು.

ಇವರು ಸಾಕ್ಷಿ ಹೇಳುವ ದಿನ ಕೋರ್ಟು ಕಿಕ್ಕಿರಿದಿತ್ತು. ಇವರು ಡಾಕ್ಟರ ವಿರುದ್ಧ ನಿಲ್ಲುತ್ತಾರೆ ಎಂಬ ಸುದ್ದಿ ಆಗಲೇ ಹಬ್ಬಿ, ನಮ್ಮವರಲ್ಲಿ ಹಲವರು ನಮ್ಮ ಜೊತೆ ಮಾತು ಬಿಟ್ಟಿದ್ದರು. ಇವರು ಹೆದರದೆ ಎಲ್ಲ ಹೇಳಿದರು. ಸರ್ಕಾರಿ ವಕೀಲರು ಎದ್ದು, “ಡಾಕ್ಟರ ಜೊತೆ ನಿಮಗೆ ಜಗಳ ಇತ್ತು, ಅದಕ್ಕೇ ಈ ಕಥೆ ಕಟ್ಟಿದ್ದೀರಿ, ಹೌದಲ್ಲ?” ಎಂದರು.

“ನಾ ಜಗಳಾಡೂದು ನನ್ನ ಹೆಂಡತಿ ಜೋಡಿ ಅಷ್ಟ ರೀ,” ಎಂದರು ಇವರು. ಜನ ನಕ್ಕರು.

“ಆ ಫ್ರಿಜ್ಜಿನಲ್ಲಿ ಶ್ರೀಖಂಡ ಇತ್ತು ಅನ್ನಲಿಕ್ಕೆ ನಿಮ್ಮ ಮಾತು ಬಿಟ್ಟರೆ ಬೇರೆ ಏನಿದೆ?”

ನಾನು ಸುಮ್ಮನೆ ಕೂರುವವಳೇ? ಎದ್ದು ನಿಂತೆ. “ಆ ಬಿಸಲಾಗ ಶ್ರೀಖಂಡ ತಣ್ಣಗ ಹೆಂಗಿತ್ತು ಅಂತ ತಿಂದವರನ್ನ ಕೇಳ್ರಿ ಸಾಹೇಬ್ರ. ಅರ್ಧ ಮಂದಿ ಇಲ್ಲೇ ಕೂತಾರ,” ಎಂದೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ಈಕೆಯನ್ನು ಹೊರಗೆ ಕಳಿಸಿ ಎಂದರು. ಪೊಲೀಸಮ್ಮ ರಟ್ಟೆ ಹಿಡಿದು ಹೊರಗೆ ಬಿಟ್ಟಳು.

ಹೊರಗೆ ಬಂದದ್ದೇ ಒಳ್ಳೆಯದಾಯಿತು. ಬೇವಿನ ಮರದ ಕೆಳಗೆ ಮಾನ್ವಿಯವರ ದಂಡೇ ಇತ್ತು, ಎಲ್ಲರ ಮುಂದೆ ಪೆಂಡಾಲಿನ ಉರುಕುಂದಪ್ಪ. ಬಂದ್ ಮಾಡಿಸಿದವನೂ ಅವನೇ, ಗೊಂಬೆ ಸುಟ್ಟವನೂ ಅವನೇ. ಕೈಯಲ್ಲಿ ‘ನೀರಿನ ಸಿಸ್ಟರಿಗೆ ಗಲ್ಲು’ ಎಂದು ಬರೆದ ಬೋರ್ಡು. ಪೂರ್ಣಶ್ರೀಯ ಮದುವೆಗೆ ಪೆಂಡಾಲು ಹಾಕಿದವನು ಅವನೇ ಎಂಬುದು ನನಗೆ ಗೊತ್ತಿತ್ತು.

“ಏ ಉರುಕುಂದಪ್ಪ, ಡಾಕ್ಟರ ಮಗಳ ಮದುವ್ಯಾಗ ಊಟ ಮಾಡಿದ್ಯಲ್ಲ, ಶ್ರೀಖಂಡ ಹೆಂಗಿತ್ತು?”

“ಅಗದಿ ಚಲೋ ಇತ್ತು ಬಿಡ್ರಿ ಬಾಯಾರ. ಐಸಿನಂಗ ತಣ್ಣಗ.”

“ಎಲ್ಲಿ ಇಟ್ಟಿದ್ರಪ್ಪ ಅಷ್ಟು ತಣ್ಣಗ ಆಗಾಕ?”

“ದವಾಖಾನಿ ಫ್ರಿಜ್ಜಿನ್ಯಾಗ. ನಾನ ಅಲ್ಲಿದ್ದ ಡಬ್ಬಿ ಎಲ್ಲಾ ಹೊತ್ತು ಮಾಳಗಿ ಮ್ಯಾಲಿನ ಶೆಡ್ಡಿಗೆ...”

ಅಷ್ಟಕ್ಕೇ ಅವನ ಬಾಯಿ ನಿಂತಿತು. ಅವನು ಒಮ್ಮೆ ತನ್ನ ಹೆಗಲು ನೋಡಿಕೊಂಡ, ಒಮ್ಮೆ ಕೈಯ ಬೋರ್ಡು ನೋಡಿದ. “ಅದರಾಗ ಇದ ಔಷಧ ಇತ್ತೇನ್ರಿ?” ಎಂದು ಕೇಳಿದ. ಹೌದು ಎಂದೆ. ಬೋರ್ಡನ್ನು ಕೆಳಗೆ ಹಾಕಿ, “ಅಯ್ಯೋ ಯವ್ವಾ, ನಾನ ಹೊತ್ತೀನಲ್ಲ,” ಎಂದು ತಲೆ ಚಚ್ಚಿಕೊಂಡು ನೇರವಾಗಿ ಒಳಗೆ ನಡೆದ. ಬಾಗಿಲಲ್ಲಿ ಪೊಲೀಸರು ತಡೆದರೆ, ಸಾಕ್ಷಿ ಹೇಳಬೇಕು ಬಿಡ್ರಿ ಎಂದು ಅವರ ಮೇಲೆಯೇ ರೇಗಿದ.

ಮುಂದಿನ ತಾರೀಖಿಗೆ ಅವನು ಕಟಕಟೆಯಲ್ಲಿ ನಿಂತು ಎಲ್ಲ ಹೇಳಿದ. ಅವನ ಹಿಂದೆ ಎಲೆ ಹಾಕಿದವರು, ಬಡಿಸಿದವರು, ಫ್ರಿಜ್ ತೊಳೆದವರು ಎಲ್ಲರೂ ವಲಿ ಪಾಷಾ ಅವರ ಆಫೀಸಿನ ಮುಂದೆ ಬಂದು ನಿಂತರು. ವಕೀಲರ ಬೋರ್ಡಿನ ಡಾಂಬರನ್ನು ಉರುಕುಂದಪ್ಪನೇ ಸೀಮೆಎಣ್ಣೆ ಹಚ್ಚಿ ತೆಗೆದ. ಡಾಕ್ಟರನ್ನು ಮತ್ತೆ ಕರೆಸಿ ಕೇಳಿದಾಗ, ತಮಗೆ ನೆನಪಿಲ್ಲ ಎಂದರಂತೆ. ಮಗಳ ಮದುವೆಯೇ ನೆನಪಿಲ್ಲ ಅನ್ನುವ ಅಪ್ಪನನ್ನು ನಾನು ಇವತ್ತಿನವರೆಗೆ ಕಂಡಿಲ್ಲ.

ತೀರ್ಪಿನ ದಿನ ಮಾನ್ವಿಯಿಂದ, ದೇವದುರ್ಗದಿಂದ ಬಸ್ಸುಗಳು ತುಂಬಿ ಬಂದವು. ಶಶಿಕಲಾ ನಿರ್ದೋಷಿ ಎಂದು ನ್ಯಾಯಾಧೀಶರು ಓದಿದರು. ಸುಳ್ಳು ಸಾಕ್ಷಿ ಹೇಳಿದ ಡಾಕ್ಟರ ಮೇಲೆ ಕ್ರಮ ಆಗಬೇಕು, ಔಷಧ ಹೊರಗೆ ಹಾಕಿದ್ದರ ಬಗ್ಗೆ ಹೊಸದಾಗಿ ತನಿಖೆ ಆಗಬೇಕು ಎಂದರು. ಆ ತನಿಖೆಯಲ್ಲಿ ಇವರನ್ನೂ ಕರೆಯುತ್ತಾರೆ ಎಂದು ವಲಿ ಪಾಷಾ ಹೇಳಿದಾಗ, ಇವರು, “ಕರೀಲಿ, ಹೇಳತೀನಿ,” ಎಂದರು. ನನ್ನ ಗಂಡ ಅಷ್ಟು ಎತ್ತರವಿದ್ದಾರೆ ಎಂದು ನನಗೆ ಆವತ್ತೇ ಗೊತ್ತಾದದ್ದು.

ಹೊರಗೆ ಹಲಗೆ ಬಾರಿಸುತ್ತಿದ್ದರು. ಗುಲಾಲು, ಚೆಂಡುಹೂವಿನ ಹಾರ, ತೆರೆದ ಜೀಪು, ಎಲ್ಲ ತಯಾರು. ಅದೇ ಜನ, ಅದೇ ಗಂಟಲು, ಈಗ ‘ಶಶಿಕಲಾ ಸಿಸ್ಟರಿಗೆ ಜೈ’. ನನಗೂ ಕುಣಿಯಬೇಕು ಎನಿಸಿತು, ಸುಳ್ಳೇಕೆ ಹೇಳಲಿ. ಉರುಕುಂದಪ್ಪ ಹಾರ ಹಿಡಿದು ಮುಂದೆ ಬಂದ. ಅವಳು ಕೈ ಅಡ್ಡ ಹಿಡಿದಳು. ಹಲಗೆ ನಿಂತಿತು.

“ನನ್ನ ಹೆಸರು ನಿಮಗ ಬರತೈತಿ,” ಎಂದಳು. “ಸತ್ತಾಕಿಯರ ಹೆಸರು ಹೇಳ್ರಿ.”

ಅವರಿಗಾಗಿ ಬಂದ್ ಮಾಡಿದವರು, ಟೈರು ಸುಟ್ಟವರು, ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಬಾಯಿ ತೆರೆದೆ. ಒಂದು ಸುದ್ದಿಯೂ ಬಿಡದೆ ಓದಿದವಳು ನಾನು. ಇಬ್ಬರು ಬಾಣಂತಿಯರು ಅನ್ನುವುದರಾಚೆ ನನ್ನ ನಾಲಿಗೆಗೆ ಏನೂ ಬರಲಿಲ್ಲ.

“ಅಯ್ಯಮ್ಮ, ಹುಸೇನಮ್ಮ,” ಎಂದಳು ಶಶಿಕಲಾ. “ಇಬ್ಬರೂ ನನ್ನ ಕೈ ಹಿಡಕೊಂಡ ಹೋದ್ರು. ಇವತ್ತ ಗೆದ್ದಾಕಿ ನಾ ಒಬ್ಬಾಕೇ ಅಲ್ಲ. ಕೂಗೂದಿದ್ರ ಅವರ ಹೆಸರು ಕೂಗ್ರಿ.”

ಮೊದಲು ಕೂಗಿದವರು ನನ್ನ ಗಂಡ. ಅಡುಗೆ ಮನೆ ಬಿಟ್ಟು ಬೇರೆಲ್ಲೂ ದನಿ ಎತ್ತದ ಮನುಷ್ಯ, ಶಲ್ಯ ಸೊಂಟಕ್ಕೆ ಬಿಗಿದು, “ಅಯ್ಯಮ್ಮಗ ನ್ಯಾಯ ಸಿಕ್ತು, ಹುಸೇನಮ್ಮಗ ನ್ಯಾಯ ಸಿಕ್ತು,” ಎಂದು ಕೂಗಿದರು. ಉರುಕುಂದಪ್ಪ ಕೂಗಿದ. ನಾನು ಕೂಗಿದೆ. ಆಮೇಲೆ ಇಡೀ ಕೋರ್ಟಿನ ಅಂಗಳ ಕೂಗಿತು, ಹಲಗೆ ಮತ್ತೆ ಶುರುವಾಯಿತು, ರಸ್ತೆಯಲ್ಲಿ ಹೋಗುವ ಬಸ್ಸುಗಳು ನಿಂತವು.

ಹುಲಿಗೇಶ ಗೋಡೆಯ ಹತ್ತಿರ ಒಬ್ಬನೇ ನಿಂತಿದ್ದ, ಹೆಗಲ ಮೇಲೆ ಎರಡು ವರ್ಷದ ಮಗಳು. ಜನ ತಾವೇ ದಾರಿ ಬಿಟ್ಟರು. ಅವನು ಬಂದು ಶಶಿಕಲಾಳ ಮುಂದೆ ನಿಂತು, ಮಗಳನ್ನು ಇಳಿಸಿ ಅವಳ ಕೈಗೆ ಕೊಟ್ಟ. ಆ ಮಗುವನ್ನು ಈ ಲೋಕದಲ್ಲಿ ಮೊದಲು ಎತ್ತಿಕೊಂಡದ್ದು ಆ ಕೈಗಳೇ. ಮಗು ಅಳಲಿಲ್ಲ. ಇಷ್ಟು ಜನ ಕರೆಯುತ್ತಿರುವ ಆ ಅಯ್ಯಮ್ಮ ಯಾರೆಂದು ಕತ್ತು ಹೊರಳಿಸಿ ಸುತ್ತಲೂ ಹುಡುಕಿತು.

“ನಿಮ್ಮವ್ವ,” ಎಂದ ಹುಲಿಗೇಶ.