ಬೋಟಿನವರ ಮುಯ್ಯಿ

"ಬಿಚ್ಚೋ ವೇಟ್ಟಿ! ಬಿಚ್ಚಿ ಒದರೋ, ಕಳ್ಳನನ್ಮಗನೆ!"

ಕರುಪ್ಪಯ್ಯ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ. ಹೆಗಲಿನಿಂದ ಕುರ್ಚಿ ಇಳಿಸಿ ಇನ್ನೂ ಉಸಿರು ಬಿಟ್ಟಿರಲಿಲ್ಲ. ಆ ಕುರ್ಚಿಯಲ್ಲಿ ಕೂತು ಕೆಸರು ದಾಟಿ ಬಂದ ಮಧುರೆಯ ಮುದುಕಮ್ಮ, ದಡದ ಮೇಲೆ ಚಪ್ಪಲಿಗೆ ಕಾಲು ತೂರಿಸುತ್ತಿದ್ದವಳು, ಬೆಚ್ಚಿ ತಿರುಗಿ ನೋಡಿದಳು. ಅವಳ ಮೊಮ್ಮಕ್ಕಳು ಏನೋ ಆಟ ಶುರುವಾಯಿತು ಅಂದುಕೊಂಡು ಮುಂದೆ ಬಂದರು.

"ಆಯಮ್ಮನೇ ಕೈಗೆ ಮಡಗಿದ್ದು, ಮುದಲಾಳಿ. ನಾ ಕೇಳ್ಲಿಲ್ಲ. ಬ್ಯಾಡ ಅಂದೆ, ಬೆರಳು ಮುಚ್ಚಿ ಕೊಟ್ಟುಬಿಟ್ಲು."

"ಕೈಗೆ ಕೊಟ್ರೆ ಉಂಡೀಗೆ ಆಕ್ಬೇಕು ಅಂತ ಗೊತ್ತಿಲ್ವೇನೋ ನಾಯಿ? ಸೊಂಟಕ್ಕೆ ಸಿಗಿಸಕ್ ಮಾತ್ರ ಬತ್ತದಾ? ಬಿಚ್ಚು ಅಂದೆ!"

ಮುದಲಾಳಿ ಕೊಡೆಯ ಕೆಳಗೆ, ಮೆಟ್ಟಿಲ ಮೇಲೆ ನಿಂತಿದ್ದ. ಬೋಟು ಅವನದು, ಟಿಕೆಟ್ಟು ಅವನದು, ಸರ್ಕಾರದಿಂದ ಗುತ್ತಿಗೆ ಹಿಡಿದ ನೀರೂ ಅವನದೇ ಅನ್ನುವ ಹಾಗೆ ನಿಲ್ಲುವುದು ಅವನ ರೂಢಿ. ಟಿಕೆಟ್ ಹರಿಯುವ ಗೋವಿಂದನ್ ಪಕ್ಕದಲ್ಲಿದ್ದ. ನೋಡಿ ಹೇಳಿದವನು ಅವನೇ.

ಕರುಪ್ಪಯ್ಯ ವೇಟ್ಟಿ ಬಿಚ್ಚಿದ. ಲಂಗೋಟಿಯಲ್ಲಿ ನಿಂತು, ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ಒದರಿದ. ಒಂದು ರೂಪಾಯಿಯ ನೋಟು ಕೆಸರಿಗೆ ಬಿತ್ತು. ಮಕ್ಕಳು ಕಿಸಕ್ಕನೆ ನಕ್ಕರು. ಗೋವಿಂದನ್ ಅದನ್ನು ಎತ್ತಿ, ತೊಡೆಗೆ ಒರೆಸಿ, ಬೋಟಿನ ಮೂತಿಯ ಹತ್ತಿರ ಹುಂಡಿಯಾಗಿ ಇಟ್ಟಿದ್ದ ಹಿತ್ತಾಳೆ ಬಿಂದಿಗೆಯ ಸೀಳಿನೊಳಗೆ ತುರುಕಿದ. ಮುದುಕಮ್ಮ "ಪಾವಂ" ಅಂದಳು, ಪಾಪ ಅಂತ, ಮೆಲ್ಲಗೆ. ಅಂದು ಕಾರು ಹತ್ತಿದಳು.

ಇಷ್ಟೆಲ್ಲ ನಡೆಯುವಾಗ ಕರುಪ್ಪಯ್ಯನ ಹೆಂಡತಿ ಪೊನ್ನುತಾಯಿ ಹತ್ತು ಮಾರು ದೂರದಲ್ಲಿ ಬಕೆಟ್ ಹಿಡಿದು ನಿಂತಿದ್ದಳು. ಬೋಟು ಇಳಿದವರ ಕಾಲಿಗೆ ನೀರು ಹಾಕಿ ಕೆಸರು ತೊಳೆಯುವುದು ಅವಳ ಕೆಲಸ. ಮುಂದಿನ ಜೋಡಿ ಕಾಲು ಬಂದು ನಿಂತಾಗ ಬಗ್ಗಿ ನೀರು ಹಾಕಿದಳು. ಹಾಕದೆ ಏನು ಮಾಡುತ್ತಾಳೆ? ರೇಷನ್ ಅಂಗಡಿಯ ಮುಂದೆ ಬೆಳಕು ಹರಿಯುವ ಮುಂಚೆ ಸಾಲು ನಿಂತರೂ ಅಕ್ಕಿ ಸಿಗದ ಕಾಲ ಅದು.

ಆಂಡಿಪಟ್ಟಿಯ ಹತ್ತಿರ, ಈಗ ಬೋಟು ಓಡುವ ಆ ಅಣೆಕಟ್ಟು ಕಟ್ಟುವಾಗ ಕಾಮಯಗೌಂಡನ್‌ಪಟ್ಟಿಯಿಂದ ಆಳು ಕರೆತಂದವನು ಈ ಮುದಲಾಳಿಯೇ. ಎಲ್ಲ ಅವನ ಜಾತಿಯವರೇ, ಮನೆಯಲ್ಲಿ ಕನ್ನಡ ಆಡುವವರೇ, ಹೊಲವಿಲ್ಲದವರು. ಪೊನ್ನುತಾಯಿಗೆ ಅವನು ದೊಡ್ಡಪ್ಪನ ಮಗ. ಅಣೆ ಮುಗಿಯಿತು, ನೀರು ನಿಂತಿತು, ಕಲ್ಲು ಹೊತ್ತವರು ದಂಡೆಯ ಗುಡಿಸಲುಗಳಲ್ಲೇ ಉಳಿದರು. ಮುದಲಾಳಿ ಮಗಳ ಹೆಸರಿಟ್ಟು 'ಜೆಯಲಕ್ಷ್ಮಿ' ಅಂತ ಒಂದು ದೊಡ್ಡ ಬೋಟು ಇಳಿಸಿದ. ಮೇಲೆ ಬಣ್ಣದ ಬಟ್ಟೆಯ ಚಪ್ಪರ, ಒಳಗೆ ಮೆತ್ತೆ, ನಡುವೆ ವಡೆ, ಕಾಫಿ. ಸಂಸಾರ ಸಮೇತ ಬಂದವರನ್ನು ನೀರಿನ ಮೇಲೆ ಮೆರೆಸಿ ತರುವುದು. ಹುಟ್ಟು ಹಾಕುವವರು ಕರುಪ್ಪಯ್ಯ, ಮೂಕಯ್ಯ, ಮತ್ತಿಬ್ಬರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ಕುರ್ಚಿಗೆ ಬಿದಿರು ಕಟ್ಟಿ ಜನರನ್ನು ಹೊತ್ತು ದಾಟಿಸುವವರೂ ಅವರೇ.

ಟಿಕೆಟ್ಟಿನಲ್ಲಿ ಸರ್ವಿಸ್ ಚಾರ್ಜು ಅಂತ ಒಂದು ಸೇರಿಸಿರುತ್ತಿದ್ದ. ಯಾರಾದರೂ ಕೇಳಿದರೆ, "ಅದು ಆಳುಗಳಿಗೆ ಸಾರ್, ಪಾಪದವರು" ಅನ್ನುತ್ತಿದ್ದ. ಅದರ ಮೇಲೆ ಈ ಬಿಂದಿಗೆ. ಬಾಯಿಗೆ ಕೆಂಪು ಬಟ್ಟೆ ಬಿಗಿದು, ನಡುವೆ ಸೀಳು ಬಿಟ್ಟು, ಕುಂಕುಮ ಇಟ್ಟಿತ್ತು. ಇನಾಮು ಕೊಡುವವರು ಇದರೊಳಗೆ ಹಾಕಬೇಕು. ಹಾಕುವಾಗ ಹುಟ್ಟಿನವರು ಸಾಲಾಗಿ ನಿಂತು, ತುಂಡು ಅನ್ನುವ ಹೆಗಲವಸ್ತ್ರವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬಗ್ಗಿ ಕೈಮುಗಿದು ಕುಂಬಿಡಬೇಕು. ಪೊಂಗಲ್‌ಗೆ ಪಾಲು ಹಾಕುತ್ತೇನೆ ಅಂದಿದ್ದ. ಪೊಂಗಲ್ ಬಂತು. ತಲೆಗೊಂದು ತುಂಡು ಕೊಟ್ಟ. ಆ ತುಂಡನ್ನೇ ಈಗ ಕಂಕುಳಲ್ಲಿ ಇಟ್ಟುಕೊಂಡು ಬಗ್ಗುತ್ತಿದ್ದರು, ನಮ್ಮವರು!

ಕರುಪ್ಪಯ್ಯ ಗುಡಿಸಲಿನಿಂದ ಹೊರಗೆ ಬರುವುದನ್ನೇ ಬಿಟ್ಟ. ಬೋಟಿಗೆ ಬೇರೆ ಆಳು ಬಂತು. ಓಣಿಯಲ್ಲಿ ಹುಡುಗರು 'ತಿರುಟ್ಟು ಕರುಪ್ಪಯ್ಯ', ಕಳ್ಳ ಕರುಪ್ಪಯ್ಯ ಅಂತ ಕೂಗಿ ಓಡಿಹೋಗುತ್ತಿದ್ದರು. ಪೊನ್ನುತಾಯಿ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಪೆಟ್ಟಿ ಅಂಗಡಿಯವನು ಅವಳನ್ನು ಕಂಡು ಬೀಡಿಯ ಕಟ್ಟನ್ನು ಒಳಕ್ಕೆ ಸರಿಸಿ ಇಟ್ಟ ಅಂತ ಕೇಳಿದ ದಿನ ಕರುಪ್ಪಯ್ಯ ಗೋಡೆಗೆ ಮುಖ ಮಾಡಿ ಮಲಗಿದ.

"ಏಳು ಮಾಮಾ, ಎರಡು ತುತ್ತು ಉಣ್ಣು," ಅಂದಳು ಪೊನ್ನುತಾಯಿ ಗಂಡನಿಗೆ.

"ಬ್ಯಾಡ."

"ಅವನ್ಯಾವನೋ ಬೋಳಿಮಗ ಏನೋ ಅಂದ ಅಂತ ನೀನು ಒಟ್ಟೆ ಒಣಗಿಸ್ಕೋತೀಯಾ?"

"ಕಲ್ಲು ಬಿದ್ದು ಬೆರಳು ಓದಾಗ್ಲೂ ನಾ ಅಳ್ಲಿಲ್ಲ ಪೊನ್ನೀ. ಆ ಕೂಸುಗಳ ಮುಂದೆ, ಬತ್ತಲೆ..." ಹೊದ್ದ ಪಂಚೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡ. "ಕಳ್ಳ ಅಂದುಬಿಟ್ನಲ್ಲೇ. ನಮ್ಮಪ್ಪ ಸಾಯೋಗಂಟ ಒಬ್ಬರ ಕಾಳು ಮುಟ್ದೋನಲ್ಲ."

ಪಂಚಾಯಿತಿಗೆ ಹೋಗೋಣ ಅಂದರೆ ಪಂಚಾಯಿತಿಯ ತಲೆಯಾಳು ಮುದಲಾಳಿಯೇ. ಪೊಲೀಸ್ ಅಂದರೆ ಅವರು ಪ್ರತಿ ಭಾನುವಾರ ಬಿಟ್ಟಿ ಬೋಟು ಹತ್ತುವವರು. ಪೊನ್ನುತಾಯಿ ಗಂಡನ ಕಾಲ ಬಳಿ ಕೂತು, ಕಳ್ಳ ಅನ್ನುವ ಆ ಮಾತನ್ನು ಹೇಗಾದರೂ ಮಾಡಿ ಅವನ ಮೇಲಿನಿಂದ ಕಿತ್ತು ಹಾಕಬೇಕು ಅಂದುಕೊಂಡಳು. ದುಡ್ಡು ಹಾಳಾಗಿ ಹೋಗಲಿ, ಆ ಮಾತು ಹೋಗಬೇಕು.

ಅಷ್ಟರಲ್ಲಿ ಮುದಲಾಳಿಯ ಮನೆಯಲ್ಲಿ ವಿಶೇಷ ಬಂತು. ಜೆಯಲಕ್ಷ್ಮಿಯ ಮಗನಿಗೆ ಕಿವಿ ಚುಚ್ಚುವುದು. ಮಧುರೆ, ದಿಂಡುಕ್ಕಲ್, ತೇನಿ ಎಲ್ಲ ಕಡೆಯಿಂದ ದೊಡ್ಡವರು ಬರುತ್ತಾರೆ ಅಂತ ಸುದ್ದಿ. ಗುಡಿಸಲಿನವರೆಲ್ಲ ಕೆಲಸಕ್ಕೆ ಬರಬೇಕು ಅಂತ ಗೋವಿಂದನ್ ಕೂಗಿ ಹೋದ.

ಪೊನ್ನುತಾಯಿ ಮುದಲಾಳಿಯ ಹಿತ್ತಿಲ ಬಾಗಿಲಲ್ಲಿ ಹೋಗಿ ನಿಂತಳು.

"ಅಣ್ಣಾ, ಕೂಸಿಗೆ ಕಿವಿ ಚುಚ್ಚೋದು. ನಾವೂ ಬೋಟಿನವ್ರೆಲ್ಲ ಸೇರಿ ಮುಯ್ಯಿ ಮಾಡಬ್ಯಾಡ್ವಾ?"

ಮುಯ್ಯಿ ಅಂದರೆ ಆ ಕಡೆ ಆಟದ ಮಾತಲ್ಲ. ವಿಶೇಷದ ಮನೆಗೆ ಹೋದವರು ದುಡ್ಡು ಇಡುತ್ತಾರೆ, ಇಟ್ಟವರ ಹೆಸರನ್ನು ಸಭೆಯಲ್ಲಿ ಕೂಗುತ್ತಾರೆ. ತೆಗೆದುಕೊಂಡವನು ನಾಳೆ ಕೊಟ್ಟವರ ಬಾಗಿಲಿಗೆ ಹೋಗಿ, ಅವರ ಮನೆಯ ವಿಶೇಷದಲ್ಲಿ ಉಂಡು, ಅಷ್ಟನ್ನೂ ಅದರ ಮೇಲೊಂದಿಷ್ಟನ್ನೂ ಇಟ್ಟು ಬರಲೇಬೇಕು. ನಮ್ಮವರು ಇಟ್ಟದ್ದನ್ನು ಬೇಡ ಅಂದರೆ ನೆಂಟಸ್ತಿಕೆ ಕಡಿದ ಹಾಗೆ.

ಮುದಲಾಳಿ ಹೊಟ್ಟೆ ಕುಣಿಸಿ ನಕ್ಕ. "ನೀವಾ? ನನಗಾ? ನೀರು ಒರಿ, ಪಾತ್ರೆ ಉಜ್ಜಿ, ಅದೇ ನಿಮ್ ಮುಯ್ಯಿ. ಇನ್ನೊಂದು ಕೇಳ್ಕೋ. ಆ ಕಳ್ಳನ್ನ ಕರ್ಕೊಂಡು ಬಂದುಬಿಟ್ಟೀಯ. ಒಡವೆ ಆಕ್ಕೊಂಡ ಜನ ಬತ್ತಾರೆ. ಮತ್ತೆ, ಅವರ ಮುಂದೆ ಅಣ್ಣಾ ಗಿಣ್ಣಾ ಅಂದೀಯ, ನಾಲಿಗೆ ಕಿತ್ತುಬಿಡ್ತೀನಿ."

ಅವಳು ಬಂದ ಬಾಗಿಲಲ್ಲೇ ಹೊರಗೆ ಬಂದಳು.

ವಿಶೇಷದ ದಿನ ಬೆಳಿಗ್ಗೆ ಬಂದವರನ್ನೆಲ್ಲ ಬೋಟಿನಲ್ಲಿ ಸುತ್ತಿಸಲು ಮುದಲಾಳಿಯ ಅಪ್ಪಣೆಯಾಗಿತ್ತು. ಟಿಕೆಟ್ಟು ಬೇಡ, ಬಿಂದಿಗೆ ಮಾತ್ರ ತಪ್ಪಬಾರದು. ಮೊದಲ ಸುತ್ತಿನಲ್ಲಿ ತಹಸೀಲ್ದಾರರ ಹೆಂಡತಿ ಇದ್ದಳು. ದಪ್ಪ ಜರಿಯ ಸೀರೆ, ಒಳ್ಳೆಯ ಮನಸ್ಸಿನ ಹೆಂಗಸು, ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವ ಚಪಲ. ಇಳಿಯುವಾಗ ಚೀಲ ಬಿಚ್ಚಿ, ಎಷ್ಟು ಕೊಡುವುದು ಪದ್ಧತಿ, ಯಾರ ಕೈಗೆ ಕೊಡುವುದು ಅಂತ ಗೋವಿಂದನನ್ನು ತಮಿಳಿನಲ್ಲಿ ಕೇಳಿದಳು.

"ಕೈಗೆ ಕೊಡಬಾರದಮ್ಮಾ, ಅಭ್ಯಾಸ ಕೆಟ್ಟುಹೋಗುತ್ತೆ. ಮನಸ್ಸಿಗೆ ಬಂದಷ್ಟು ಇದರೊಳಗೆ ಹಾಕಿ. ಒಂದು ಕಾಸೂ ಬಿಡದೆ ಆಳುಗಳಿಗೇ ಹೋಗೋದು."

ಅವಳು ಒಂದು ದೊಡ್ಡ ನೋಟನ್ನೇ ಮಡಿಸಿ ಸೀಳಿನೊಳಗೆ ಇಳಿಸಿದಳು. ಅವಳನ್ನು ನೋಡಿ ಹಿಂದಿನವರು ತಾವೇನು ಕಡಿಮೆ ಅಂತ ಹಾಕಿದರು. ಪೊನ್ನುತಾಯಿ ಕಾಲಿಗೆ ನೀರು ಹಾಕುವಾಗ ಆ ಅಮ್ಮ ಬಗ್ಗಿ, "ಇದೆಲ್ಲ ನಿಮಗೇ ತಾನೇಮ್ಮಾ?" ಅಂದಳು.

ಪೊನ್ನುತಾಯಿ ತಲೆ ಎತ್ತಿದಳು. ಗೋವಿಂದನ್ ಕಣ್ಣು ದೊಡ್ಡದು ಮಾಡಿ ನೋಡುತ್ತಿದ್ದ.

"ಆಮಾಮ್ಮಾ," ಅಂದಳು, ಹೌದು ಅಂತ. "ಎಲ್ಲಾ ನಮ್ದೇ."

ಹೌದಲ್ಲ! ಬಾಯಿಂದ ಹೊರಗೆ ಬಂದ ಮೇಲೆ ಆ ಮಾತು ಅವಳಿಗೇ ಹೊಸದಾಗಿ ಕೇಳಿಸಿತು.

ಕೊನೆಯ ಸುತ್ತು ಮುಗಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಗೋವಿಂದನ್ ದೊಡ್ಡವರ ಹಿಂದೆ ಹಲ್ಲು ಕಿರಿಯುತ್ತಾ ಚಪ್ಪರಕ್ಕೆ ಓಡಿದ್ದ. ದಿನವೂ ಬಿಂದಿಗೆಯನ್ನು ಆಫೀಸಿಗೆ ಹೊತ್ತು ಹಾಕುವವಳು ಪೊನ್ನುತಾಯಿ. ಸೆರಗು ಬಿಗಿದು, ಅದನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ತುಂಬಿದ ಬಸುರಿಯ ಹಾಗೆ ಭಾರವಾಗಿತ್ತು.

"ಅಕ್ಕಾ, ಆಫೀಸು ಇತ್ತಾಗೆ," ಅಂದ ಮೂಕಯ್ಯ.

"ಗೊತ್ತು ಕಣೋ. ಮುಯ್ಯಿ ಮಾಡಕ್ ಓಗ್ತಾ ಇದೀನಿ. ಗಂಡಸಾದ್ರೆ ಇಂದೆ ಬಾ. ಇಲ್ಲಾಂದ್ರೆ ತುಂಡು ಕಂಕುಳಲ್ಲಿ ಮಡಿಕ್ಕೊಂಡು ಇಲ್ಲೇ ಬಗ್ಗಿರು."

ಮೂಕಯ್ಯ ಒಂದು ಗಳಿಗೆ ತಲೆ ಕೆರೆದುಕೊಂಡ. ಆಮೇಲೆ ತುಂಡನ್ನು ಹೆಗಲಿಗೆ ಹಾಕಿಕೊಂಡ. ಉಳಿದವರೂ ಬಂದರು. ಮೊಣಕಾಲವರೆಗೆ ಒಣಗಿದ ಕೆಸರು ಹಾಗೇ ಇತ್ತು.

ಚಪ್ಪರ ತುಂಬಿತ್ತು. ಒಂದು ಕಡೆ ಊಟ, ಬಿಳಿ ಅಕ್ಕಿಯ ಅನ್ನ ರಾಶಿ ರಾಶಿ. ಇನ್ನೊಂದು ಕಡೆ ವೇದಿಕೆಯ ಮೇಲೆ ಮೇಜು ಹಾಕಿ ಮುಯ್ಯಿ. ಮುದಲಾಳಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಪಕ್ಕದ ಕುರ್ಚಿಗಳಲ್ಲಿ ತಹಸೀಲ್ದಾರರು, ಅವರ ಹೆಂಡತಿ. ಮೈಕ್‌ಸೆಟ್ ಪಾಂಡಿ ಒಬ್ಬೊಬ್ಬರ ಹೆಸರನ್ನೂ ಎಳೆದು ಎಳೆದು ಕೂಗುತ್ತಿದ್ದ. ಹುಣಸೆ ಮರಕ್ಕೆ ಕಟ್ಟಿದ ಎರಡು ಕೊಂಬಿನ ಸ್ಪೀಕರುಗಳಲ್ಲಿ ಒಂದು ಗುಡಿಸಲುಗಳ ಕಡೆಗೆ ಬಾಯಿ ಮಾಡಿತ್ತು.

ಪೊನ್ನುತಾಯಿ ವೇದಿಕೆ ಹತ್ತಿ ಮೇಜಿನ ಮೇಲೆ ಬಿಂದಿಗೆಯನ್ನು ದೊಪ್ಪನೆ ಕುಕ್ಕಿದಳು. ಚಂದನದ ಬಟ್ಟಲು ಉರುಳಿತು.

"ಪಾಂಡೀ, ಕೂಗು. ಬೋಟ್ ಕರುಪ್ಪಯ್ಯ, ಅವನ ಜತೆಯವರು. ಮುಯ್ಯಿ."

ಮುದಲಾಳಿಯ ಮುಖ ಸುಟ್ಟ ಬದನೆಕಾಯಿ ಆಯಿತು. ಬಾಯಿ ಮಾತ್ರ ನಗುತ್ತಿತ್ತು. ಬಗ್ಗಿ, ಬಂದವರಿಗೆ ಅರ್ಥವಾಗದ ಹಾಗೆ ಕನ್ನಡದಲ್ಲಿ ಉಸುರಿದ: "ಏಯ್ ಸೂಳೆ, ತಕ್ಕೊಂಡೋಗು ಅದನ್ನ. ಸಾಯಂಕಾಲ ನಿನ್ ಚರ್ಮ ಸುಲೀತೀನಿ."

"ಈಗ್ಲೇ ಸುಲಿ. ಜನ ಇದಾರೆ, ನೋಡ್ಲಿ."

"ಪೊನ್ನೀ, ತಂಗೀ..." ಅವನ ದನಿ ಬದಲಾಯಿತು. "ಕೇಳಮ್ಮಾ. ನಾಳೆಯಿಂದ ನಿನ್ ಗಂಡನ್ನ ಬೋಟಿಗೆ ಸೇರಿಸ್ಕೋತೀನಿ. ಇದನ್ನ ಆಫೀಸಲ್ಲಿ ಇಟ್ಬಿಟ್ಟು ಬಾ."

ಅವಳು ಎಲ್ಲರಿಗೂ ಕೇಳುವಂತೆ ತಮಿಳಿಗೆ ತಿರುಗಿದಳು. "ಇದು ನಮ್ಮ ದುಡ್ಡಾದರೆ ಮುಯ್ಯಿ ಅಂತ ತಗೋ ಅಣ್ಣಾ. ನಮ್ಮದಲ್ಲದಿದ್ದರೆ ಯಾರದು ಅಂತ ಈ ಮೈಕಿನಲ್ಲಿ ನೀನೇ ಹೇಳಿಬಿಡು."

ಅಣ್ಣಾ ಅನ್ನುವ ಮಾತು ಮೈಕಿಗೆ ಬಿದ್ದು, ಕೊಂಬಿನಿಂದ ಹೊರಟು, ಊಟದ ಸಾಲಿನವರೆಗೂ ಹೋಯಿತು. ಕೈಗಳು ಎಲೆಯ ಮೇಲೆ ನಿಂತವು.

ಆಗ ತಹಸೀಲ್ದಾರರ ಹೆಂಡತಿ ಮುಂದೆ ಬಗ್ಗಿದಳು. "ಅರೆ, ಬೋಟಿನ ಉಂಡಿ! ಬೆಳಿಗ್ಗೆ ನಾನೂ ಹಾಕಿದೆನಲ್ಲ!" ಅಂದು ಗಂಡನ ತೋಳು ಹಿಡಿದಳು. "ನೋಡಿದ್ರಾ? ಬಂದ ಇನಾಮನ್ನೆಲ್ಲ ಯಜಮಾನರ ಮನೆಯ ಮಗುವಿಗೇ ತಂದು ಇಟ್ಟಿದ್ದಾರೆ. ಎಂಥ ಜನ!" ಕಣ್ಣಲ್ಲಿ ನೀರು ಬೇರೆ. ತಹಸೀಲ್ದಾರರು ಮುದಲಾಳಿಯ ಬೆನ್ನು ತಟ್ಟಿದರು. "ಆಳುಗಳನ್ನು ಹೀಗೆ ಇಟ್ಟುಕೊಳ್ಳಬೇಕು, ಗೌಂಡರೆ. ಕೊಟ್ಟಿದ್ದನ್ನ ಮಹಾಲಕ್ಷ್ಮಿ ಅಂತ ತಗೊಳ್ಳಿ."

ಮುದಲಾಳಿ ಆ ಕಡೆ ನೋಡಿದ, ಈ ಕಡೆ ನೋಡಿದ. ಸರ್ವಿಸ್ ಚಾರ್ಜು ಅಂತ ವರ್ಷಗಟ್ಟಲೆ ಕೊಟ್ಟವರು, ಬಿಂದಿಗೆಗೆ ಹಾಕಿದವರು, ಎಲ್ಲರೂ ಅಲ್ಲೇ ಕೂತಿದ್ದರು. ನುಂಗಿದರೂ ಉಗುಳಿದರೂ ಗಂಟಲು ಸುಡುವ ಹಾಗಾಗಿತ್ತು ಅವನಿಗೆ.

"ಊಂ," ಅಂದ. "ಕೂಗಪ್ಪಾ ಪಾಂಡಿ."

"ಎಷ್ಟು ಅಂತ ಕೂಗ್ಲಿ?"

"ಒಂದು ಬಿಂದಿಗೆ ಅಂತ ಕೂಗು," ಅಂದಳು ಪೊನ್ನುತಾಯಿ. "ಎಣಿಸೋದು ಅವನಿಗೇ ಗೊತ್ತು. ವಾಪಸ್ ಮಾಡೋವಾಗ ಎಣಿಸ್ಕೊಂಡು ತರ್ತಾನೆ. ಅಣ್ಣಾ, ವೈಕಾಶಿ ತಿಂಗಳಲ್ಲಿ ನನ್ ಮಗಳಿಗೆ ಕಿವಿ ಚುಚ್ಚೋದು. ನಮ್ ಗುಡಿಸಲಲ್ಲೇ ಊಟ. ರಾಗಿ ಕೆಪ್ಪೆಕಳಿ, ಕರುವಾಡು ಒಣಮೀನು. ಅತ್ತಿಗೇನೂ ಕರ್ಕೊಂಡು ಬಾ."

ಸಭೆಯಲ್ಲಿ ನಮ್ಮ ಕಡೆಯ ಮುದುಕರು ತಲೆದೂಗಿದರು. ಮುಯ್ಯಿ ಬಿದ್ದ ಮೇಲೆ ಹೋಗಲೇಬೇಕಲ್ಲ. ಪಾಂಡಿ ಗಂಟಲು ಸರಿಮಾಡಿಕೊಂಡ.

"ಬೋಟ್ ಕರುಪ್ಪಯ್ಯಾ... ಮತ್ತು ಜತೆಯವರೂ... ಮುಯ್ಯಿ ಒಂದು ಬಿಂದಿಗೇ..."

ಕೊಂಬು ಕಿರುಚಿ ಸುಮ್ಮನಾಯಿತು. ಮೂಕಯ್ಯ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದ.

"ಆಯ್ತಲ್ಲ? ಇಳಿ ಕೆಳಗೆ," ಅಂದ ಮುದಲಾಳಿ, ಹಲ್ಲು ಕಚ್ಚಿ. "ಇಂದೆ ಜನ ನಿಂತವ್ರೆ."

ಪೊನ್ನುತಾಯಿ ಇಳಿಯಲಿಲ್ಲ. ಗುಡಿಸಲುಗಳ ಕಡೆ ನೋಡಿದಳು. ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುತ್ತಿತ್ತು. ಗೋಡೆಗೆ ಮುಖ ಮಾಡಿ ಮಲಗಿದವನಿಗೆ ಕೇಳಿಸಿತೋ ಇಲ್ಲವೋ. ಮೈಕಿನ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇನ್ನೊಂದ್ ಸಲ ಕೂಗು, ಪಾಂಡಿ. ಅವನ ಅಪ್ಪನ ಎಸರೂ ಸೇರಿಸಿ ಕೂಗು. ಚಿನ್ನಮಾಯನ್ ಮಗ ಕರುಪ್ಪಯ್ಯ ಅಂತ."

"ಏಯ್, ಸಾಕು!"

"ಜೋರಾಗಿ ಕೂಗು."

ಪಾಂಡಿ ಮುದಲಾಳಿಯ ಮುಖ ನೋಡಿದ. ಹಿಂದೆ ನಿಂತ ಬೋಟಿನವರನ್ನು ನೋಡಿದ. ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡು ಉಸಿರು ತುಂಬಿಕೊಂಡ.