ಕಾಲಪುರುಷನ ಎಣ್ಣೆ

ಆ ಬೀದಿಯಲ್ಲಿ ಗಡಿಯಾರ ಕೆಟ್ಟರೆ ಜನ ಮೊದಲು ಒಂದು ವಾರ ಗಡಿಯಾರವಿಲ್ಲದೆ ಬದುಕಿ ನೋಡುತ್ತಿದ್ದರು. ಆಗದೇ ಹೋದರೆ ಮಾತ್ರ ಗಡಿಯಾರದವನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ನಿಂತದ್ದನ್ನು ಓಡಿಸುವ ವಿದ್ಯೆಯನ್ನು ದೇವರು ಅವನ ಬೆರಳಿಗೆ ಕೊಟ್ಟಿದ್ದ. ಓಡುವ ನಾಲಿಗೆಯನ್ನು ನಿಲ್ಲಿಸುವ ವಿದ್ಯೆಯನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡಿದ್ದ.

ಅವನ ತಿರಸ್ಕಾರಕ್ಕೆಲ್ಲ ತಾಯಿಬೇರು ಒಂದೇ: ಚಕ್ರದ ಹಲ್ಲಿಗೆ ಎಣ್ಣೆ. ಗಡಿಯಾರದೊಳಗೆ ಎಣ್ಣೆ ಬೇಕಾದದ್ದು ಚಕ್ರದ ಅಚ್ಚು ತಿರುಗುವ ಕುಳಿಗೆ, ಅದೂ ಸೂಜಿಮೊನೆಯಲ್ಲಿ ನಿಲ್ಲುವಷ್ಟು. ಚಕ್ರದ ಹಲ್ಲಿಗೆ ಸವರಿದರೆ ಧೂಳು ಬಂದು ಕೂರುತ್ತದೆ. ಧೂಳೂ ಎಣ್ಣೆಯೂ ಕಲೆತು ವರ್ಷಗಟ್ಟಲೆ ಹಿತ್ತಾಳೆಯನ್ನು ಸದ್ದಿಲ್ಲದೆ ಅರೆಯುತ್ತವೆ. ಹಾಗೆ ಸವೆದು ಬಂದ ಚಕ್ರಗಳನ್ನೆಲ್ಲ ಗಾಜಿನ ಭರಣಿಯೊಂದರಲ್ಲಿ ತುಂಬಿ, ‘ಕತ್ತೆಗಳ ಕಾಣಿಕೆ’ ಎಂದು ಚೀಟಿ ಅಂಟಿಸಿ, ಗಿರಾಕಿಗಳ ಕಣ್ಣಿಗೆ ರಾಚುವಂತೆ ಇಟ್ಟಿದ್ದ.

ನಿವೃತ್ತ ನರ್ಸಮ್ಮ ಗಂಟೆ ಹೊಡೆಯುವ ಗೋಡೆ ಗಡಿಯಾರವನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದಾಗ ಅವನು ಹಿಂಬದಿ ಬಿಚ್ಚಿದ, ಹಲ್ಲುಗಳ ಮೇಲೆಲ್ಲ ಮೆತ್ತಿದ್ದ ಕಪ್ಪು ಎಣ್ಣೆ ಕಂಡು ಮೂಗು ಮುರಿದ.

“ಯಾವ ಕತ್ತೆ ಹೇಳಿಕೊಡ್ತಮ್ಮ ನಿಮಗೆ ಇದನ್ನ?”

ನರ್ಸಮ್ಮ ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. “ಇಂಟರ್ನೆಟ್ಟಲ್ಲಿತ್ತು. ಪ್ರಿಂಟ್ ತೆಗೆಸಿ ಇಟ್ಕೊಂಡೆ. ಹದಿನಾರು ವರ್ಷ, ವರ್ಷಕ್ಕೊಂದ್ಸಲ, ಔಷಧಿ ಹಾಕೋ ಹಾಗೆ ಹಾಕಿದೀನಿ. ನಮ್ಮನೆಯವರಿಗೆ ಕಣ್ಣು ಕಾಣಲ್ಲ. ಇದು ಹೊಡೆದ್ರೇನೇ ಅವರಿಗೆ ಬೆಳಗಾಯ್ತು, ಸಂಜೆಯಾಯ್ತು ಅಂತ. ಈಗ ದಿನಕ್ಕೆ ನೂರು ಸಲ ನನ್ನನ್ನೇ ಕೇಳ್ತಾರೆ.”

ಕಾಗದದಲ್ಲಿ ಹೀಗಿತ್ತು: ‘ಪ್ರತಿ ಹಲ್ಲಿಗೂ ಧಾರಾಳವಾಗಿ ಎಣ್ಣೆ ಎರೆಯಿರಿ. ಯಂತ್ರವೂ ಹಸುಗೂಸಿನಂತೆ, ಮೈತುಂಬ ಎಣ್ಣೆ ಹಚ್ಚಿದರೆ ನಗುತ್ತದೆ.’ ಬರೆದವನ ಹೆಸರಿದ್ದ ಅಂಚು ಹರಿದುಹೋಗಿತ್ತು.

“ನಗುತ್ತಂತೆ! ಇವನ ಮುಖಕ್ಕೆ ಬೆಂಕಿ ಹಾಕ. ಸಿಗಲಿ ನನ್ನ ಕೈಗೆ, ಅಂಗಡಿ ಮುಂದೆ ಕಟ್ಟಿಹಾಕ್ತೀನಿ.”

“ಹಾಗಾದ್ರೆ ಹುಡುಕಿಡಿ,” ಎಂದರು ನರ್ಸಮ್ಮ ಶಾಂತವಾಗಿ. “ಅವರನ್ನ ನಾನೂ ಒಂದು ಮಾತು ಕೇಳಬೇಕು. ಎಂಟು ದಿನ ಬಿಟ್ಟು ಬರ್ತೀನಿ.”

ಮಧ್ಯಾಹ್ನ ಊಟವಾದ ಮೇಲೆ ಹೆಂಡತಿ ಕಂಪ್ಯೂಟರಿನ ಮುಂದೆ ಕೂತು ಆ ಸಾಲನ್ನು ಟೈಪು ಮಾಡಿದಳು. ಗಡಿಯಾರ ಪ್ರಿಯರ ಹಳೆಯ ಫೋರಂ ಒಂದು ತೆರೆದುಕೊಂಡಿತು. ಎಣ್ಣೆಯ ಉಪದೇಶ ಅಲ್ಲಿ ಎಲ್ಲಕ್ಕಿಂತ ಮೇಲೆ, ಪೂಜ್ಯಸ್ಥಾನದಲ್ಲಿ ಕೂತಿತ್ತು. ಕೆಳಗೆ ಆರುನೂರು ಮಂದಿಯ ಧನ್ಯವಾದ. ಬರೆದವನು ‘ಕಾಲಪುರುಷ’.

“ಹೆಸರು ನೋಡು, ಹೆಸರು! ಕಾಲಪುರುಷನಂತೆ. ಮೂಗು ಒರೆಸಿಕೊಳ್ಳೋಕೆ ಬರದ ಮುಂಡೇದು!”

ಹೆಂಡತಿ ಆ ಹೆಸರನ್ನು ಮತ್ತೊಮ್ಮೆ ಓದಿದಳು. “ರೀ, ಮದುವೆಗೆ ಮುಂಚೆ ನೀವು ನನಗೆ ಬರೆದ ಕಾಗದದ ಕೆಳಗೂ ಇದೇ ಹೆಸರಿತ್ತಲ್ಲ?” ಎಂದಳು.

ಗಡಿಯಾರದವನು ಪರದೆಯ ಹತ್ತಿರಕ್ಕೆ ಬಗ್ಗಿದ.

ಬರಹದ ತಾರೀಕು ನೋಡಿದ. ಅದನ್ನು ಬರೆದಾಗ ಅವನು ಸೋದರಮಾವನ ಗಡಿಯಾರದಂಗಡಿ ಸೇರಿ ಬರೀ ಇಪ್ಪತ್ತು ದಿನ. ಆಗ ಅವನ ಕೆಲಸ ಗಾಜು ಒರೆಸುವುದು, ಕಸ ಗುಡಿಸುವುದು. ಮಾವ ಎಣ್ಣೆಯ ಬಾಟಲಿ ಮುಟ್ಟಲು ಬಿಡುತ್ತಿರಲಿಲ್ಲ. ಮುಟ್ಟಲು ಬಿಡದ ಬಾಟಲಿಯನ್ನು ಅವನು ಲೋಕದ ಮೇಲೆಲ್ಲ ಸುರಿದಿದ್ದ.

ಅಷ್ಟಕ್ಕೇ ಮುಗಿಯಲಿಲ್ಲ. ಆ ಫೋರಂಗೆ ಇನ್ನೂ ಏಳು ಒಡಹುಟ್ಟಿದವು ಇದ್ದವು. ಒಂದರಲ್ಲಿ ಹೆಸರು ಬರೆಸಿದವನಿಗೆ ಎಲ್ಲದರ ಬಾಗಿಲೂ ತೆರೆಯುತ್ತಿತ್ತು. ಕಾಲಪುರುಷ ಒಂದು ಮನೆಯನ್ನೂ ಬಿಟ್ಟಿರಲಿಲ್ಲ. ಹೊಲಿಗೆ ಯಂತ್ರದವರಿಗೆ ಪಾಠ. ಸೈಕಲ್ಲಿನವರಿಗೆ ಬೈಗುಳ. ಗುಲಾಬಿ ಗಿಡ ಒಣಗಿತೆಂದು ಅತ್ತುಕೊಂಡ ಮುದುಕನಿಗೆ ‘ನಿಮ್ಮ ಕೈಯೇ ಸರಿಯಿಲ್ಲ’ ಎಂಬ ತೀರ್ಪು. ಮಗು ಇರುಳೆಲ್ಲ ಅಳುತ್ತದೆ ಎಂದ ತಾಯಿಗೆ ಎರಡು ಪುಟ ಬುದ್ಧಿವಾದ, ಮದುವೆಯೇ ಆಗದವನಿಂದ! ಎಲ್ಲ ಕಡೆಯೂ ಅದೇ ಎತ್ತಿದ ಹುಬ್ಬು, ಅದೇ ‘ತಿಳಿದವರು ಬಲ್ಲರು’.

“ಥೂ,” ಎಂದ ಗಡಿಯಾರದವನು. ಬೇರೆಯವರನ್ನು ಉಗಿದು ರೂಢಿಯಾಗಿದ್ದ ಬಾಯಿಗೆ ಈ ಥೂ ಹೊಸ ರುಚಿ. ಪರಮಾತ್ಮ ಮನುಷ್ಯನ ನಾಲಿಗೆಗೆ ಹಲ್ಲಿನ ಬೇಲಿ ಹಾಕಿದ. ಬೆರಳಿಗೆ ಹಾಕುವುದನ್ನು ಮರೆತ.

ಹಳೆಯ ಪಾಸ್‌ವರ್ಡ್ ನೆನಪಾಗಲಿಲ್ಲ. ಹೊಸ ಹೆಸರಲ್ಲಿ ಒಳಹೊಕ್ಕು, ‘ಈ ಉಪದೇಶ ತಪ್ಪು, ಬರೆದವನು ಶುದ್ಧ ಕತ್ತೆ’ ಎಂದು ಹಾಕಿದ. ಕಾಲು ಗಂಟೆಯೊಳಗೆ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು.

‘ಕಾಲಪುರುಷ ಸರ್ ನಮ್ಮ ಗುರುಗಳು. ಇವತ್ತು ಬಂದ ನೀನ್ಯಾರಯ್ಯ?’

‘ನಾನೇ ಆ ಕಾಲಪುರುಷ’ ಎಂದು ಬರೆದ.

‘ಅವರು ತೀರಿಕೊಂಡು ಎಷ್ಟೋ ವರ್ಷ ಆಯ್ತು. ಸತ್ತವರ ಹೆಸರು ಹೇಳಿಕೊಂಡು ಬರೋಕೆ ನಾಚಿಕೆ ಆಗಲ್ವಾ?’

ಅವನನ್ನು ಹೊರಹಾಕಿ ಬಾಗಿಲು ಮುಚ್ಚಿದರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಮಾಡಿದ್ದುಣ್ಣಿ. ಆ ನರ್ಸಮ್ಮನಿಗೆ ಏನು ಹೇಳ್ತೀರಿ ಈಗ?”

ಅದೇ ಪ್ರಶ್ನೆ ಎಂಟು ದಿನ ಅವನ ಬೆನ್ನ ಹಿಂದೆ ನಿಂತಿತ್ತು. ಹಿತ್ತಾಳೆ ಕೊರೆದು ಮೂರು ಹೊಸ ಚಕ್ರ ಕೂರಿಸಿದ. ಸವೆದ ಮೂರನ್ನು ಅಭ್ಯಾಸಬಲದಿಂದ ಭರಣಿಗೆ ಹಾಕಿಬಿಟ್ಟ.

ನರ್ಸಮ್ಮ ಬಂದರು. ಲೋಲಕ ಆಡುವುದನ್ನು ಕಣ್ಣುಮುಚ್ಚಿ ಕೇಳಿದರು. ಆಮೇಲೆ, “ಸಿಕ್ಕಿದ್ರಾ ಅವರು?”

ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು, ಫೋರಂನವರೇ ಕೊಟ್ಟದ್ದು.

“ಸತ್ತುಹೋದನಂತಮ್ಮ.”

“ಅಯ್ಯೋ ಪಾಪ,” ಎಂದರು ನರ್ಸಮ್ಮ. “ದೇವರು ಒಳ್ಳೇದು ಮಾಡಲಿ ಅವರಿಗೆ. ಒಳ್ಳೇ ಮನಸ್ಸಿಂದಲೇ ಬರೆದಿರ್ತಾರೆ.”

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ತಾನು ಹೇಳಿದ ಸುಳ್ಳಿನ ತಲೆಯ ಮೇಲೆ ಆ ಹೆಂಗಸು ಆಶೀರ್ವಾದದ ಕೈ ಇಟ್ಟದ್ದನ್ನು ತಡೆಯಲಾಗಲಿಲ್ಲ.

“ಸತ್ತಿಲ್ಲಮ್ಮ. ನಾನೇ ಅವನು.”

ನರ್ಸಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಜ್ವರ ನೋಡುವ ಹಾಗೆ.

“ಬರೆದಾಗ ನಿಮಗೆ ಈ ಕೆಲಸ ಗೊತ್ತಿತ್ತಾ?”

“ಇಲ್ಲ.”

“ಗೊತ್ತಿಲ್ಲ ಅನ್ನೋದಾದ್ರೂ ಗೊತ್ತಿತ್ತಾ?”

ಅವನು ತಲೆ ತಗ್ಗಿಸಿದ. “ಅದು ಗೊತ್ತಿತ್ತು.”

“ಇಷ್ಟೇ ಕೇಳಬೇಕಿತ್ತು.” ಅವರ ಕಣ್ಣು ಭರಣಿಯ ಕಡೆ ಹೋಯಿತು; ಚೀಟಿ ಓದಿದರು. “ನನ್ನ ಚಕ್ರನೂ ಇದರೊಳಗೆ ಹಾಕಿದೀರಾ?”

“ಹೂಂ.”

“ತೆಗೆದುಕೊಡಿ. ಅದು ನನ್ನ ಕಾಣಿಕೆ ಅಲ್ಲ.”

ಗಡಿಯಾರದವನು ಭರಣಿಯನ್ನು ಹಳೇ ಪತ್ರಿಕೆಯ ಮೇಲೆ ಬೋರಲು ಹಾಕಿದ. ನೂರಾರು ಚಕ್ರಗಳು, ಸವೆದು ಸವೆದು ಎಲ್ಲದರ ಮುಖವೂ ಒಂದೇ ಆಗಿತ್ತು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಪಕ್ಕಕ್ಕಿಡತೊಡಗಿದ. ನರ್ಸಮ್ಮ ಗಡಿಯಾರವನ್ನು ಮಡಿಲಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಅವರಿಗೆ ಅವಸರವಿರಲಿಲ್ಲ.