ಆಣೆ ಹಾಕಿಸಿದವಳು

ಸಂಜೆ ಬರಬೇಕಿದ್ದ ಯಶ್ವಂತನ ಫೋನ್ ಬರಲೇ ಇಲ್ಲ. ಕೋಪರಿಯ ವ್ಯಸನಮುಕ್ತಿ ಕೇಂದ್ರದ ಆಪ್ತಸಮಾಲೋಚಕಿ ವನಮಾಲಾಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಮಾಜಿವಾಡಾದ ಹೋಟೆಲೊಂದರಲ್ಲಿ ಅಡುಗೆ ಮಾಡುವ ಯಶ್ವಂತನಿಗೆ ಅವಳು ಕುಡಿಯಬೇಡಿ ಎಂದಿರಲಿಲ್ಲ. ಕುಡಿಯುವ ಮುಂಚೆ ನನಗೊಂದು ಮಾತು ಹೇಳಿ, ವಾರ ವಾರ ಒಂದಿಷ್ಟು ಇಳಿಸೋಣ, ತಟ್ಟನೆ ಮಾತ್ರ ನಿಲ್ಲಿಸಬೇಡಿ ಎಂದಿದ್ದಳು. "ಮೇಡಂ, ಕ್ವಾರ್ಟರಿಗೆ ಅಪ್ಪಣೆ ಉಂಟಾ?" ಎಂದು ಅವನು ನಗುತ್ತಲೇ ಫೋನ್ ಮಾಡುತ್ತಿದ್ದ. ಕುಡಿತ ಅರ್ಧಕ್ಕೆ ಇಳಿದಿತ್ತು. ಕೇಂದ್ರದ ಡಾಕ್ಟರ್ ಭುಜಂಗ ಮಾತ್ರ, "ಇದು ಚಿಕಿತ್ಸೆಯಾ, ಬಾರಿನ ಬುಕಿಂಗಾ?" ಎಂದು ಕೆಣಕುತ್ತಿದ್ದರು. ರಾತ್ರಿ ಕಾಲೇಜಿನಲ್ಲಿ ಓದಿ ಬಂದ ವನಮಾಲಾ ಎದುರು ಮಾತಾಡುತ್ತಿರಲಿಲ್ಲ. ಅವರು ಹೇಳುವುದೇ ಸರಿಯಿದ್ದರೆ?

ಅವಳು ಮಾಡಿದ ಫೋನನ್ನೂ ಯಾರೂ ಎತ್ತಲಿಲ್ಲ. ಲೋಕಲ್ ರೈಲು ಹಿಡಿದು ಮುಂಬ್ರಾದ ಅವನ ಮನೆಗೇ ಹೋದಳು.

ಬಾಗಿಲು ತೆರೆದ ಅವನ ಹೆಂಡತಿ ಲೋಲಾಕ್ಷಿಯ ಮುಖ ಅರಳಿತ್ತು. "ಇವ್ರು ನಿನ್ನೆ ರಾತ್ರಿಯಿಂದ ಒಂದು ತೊಟ್ಟು ಮುಟ್ಲಿಲ್ಲ ಮೇಡಂ! ಹೇಗೂ ಕಮ್ಮಿ ಆಗಿತ್ತಲ್ಲ, ಪೂರ್ತಿ ಮುಗಿಸುವ ಅಂತ ನಮ್ಮ ದೈವ ಕೊರಗಜ್ಜನ ಫೋಟೋದ ಮುಂದೆ ಮಗಳ ತಲೆ ಮುಟ್ಟಿಸಿ ಆಣೆ ಹಾಕಿಸಿದೆ."

ಒಳಗೆ ಯಶ್ವಂತ ಗೋಡೆಗೆ ಒರಗಿ ಕೂತಿದ್ದ. ಬನಿಯನ್ ಬೆವರಿಗೆ ತೊಯ್ದಿತ್ತು. ಇಲ್ಲದ ಇರುವೆಗಳನ್ನು ನಡುಗುವ ಕೈಯಿಂದ ಚಾಪೆಯ ಮೇಲಿಂದ ಕೊಡವುತ್ತಿದ್ದ.

"ಹೀಗೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಈಗಲೇ ಆಸ್ಪತ್ರೆಗೆ ಹೋಗಬೇಕು," ಎಂದಳು ವನಮಾಲಾ. ಗಂಡನಿಗೆ ಹೇಳಿದ್ದನ್ನು ಹೆಂಡತಿಗೆ ಹೇಳಲೇ ಇಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ನಾನು ಬರುದಿಲ್ಲ," ಎಂದ ಯಶ್ವಂತ. "ಅಲ್ಲಿ ಅಮಲಿನ ಮದ್ದು ಕೊಡ್ತಾರೆ. ಆಣೆ ತಪ್ತದೆ. ಅಜ್ಜನಿಗಾದ್ರೆ ನಾವೇ ಕಳ್ಳು ಇಡ್ತೇವೆ, ನನಗೆ ಮಾತ್ರ ಆಣೆ!" ನಗಲು ಹೋದವನ ಹಲ್ಲು ಕಟಕಟ ಎಂದವು. "ಮಗಳಿಗೆ ಏನಾದ್ರೂ ಆದ್ರೆ ಮೇಡಂ?"

ಆಣೆಗೆಲ್ಲ ಅರ್ಥವಿಲ್ಲ ಎಂದರೆ ಅವನು ಏಳುವವನಲ್ಲ. ಅಜ್ಜ ಕ್ಷಮಿಸುತ್ತಾನೆ ಎನ್ನಲು ತಾನ್ಯಾರು? ವನಮಾಲಾ ಲೋಲಾಕ್ಷಿಯತ್ತ ತಿರುಗಿದಳು. "ಹಾಕಿಸಿದ್ದು ನೀವು. ನೀವೇ ಏನಾದರೂ ಹೇಳಬೇಕು."

ಲೋಲಾಕ್ಷಿಯ ಮುಖ ಬಿಳಿಚಿತು. ಫೋಟೋದ ಮುಂದೆ ಹೋಗಿ ಕೈಮುಗಿದಳು. "ಅಜ್ಜಾ, ಗೊತ್ತಿಲ್ಲದೆ ಮಾಡಿಸಿದ್ದು ನಾನು. ಇವ್ರನ್ನು ಬಿಡು. ತಪ್ಪಿದ್ರೆ ನನ್ನ ತಲೆಗೆ ಹಾಕು, ಮಗಳಿಗೆ ಬೇಡ." ಕಣ್ಣೊರೆಸಿಕೊಂಡು ಗಂಡನತ್ತ ತಿರುಗಿದಳು. "ಏಳಿ ಇನ್ನು. ನಿಮ್ಮನ್ನು ಹೊತ್ಕೊಂಡು ಹೋಗ್ಲಿಕ್ಕೆ ನನ್ನಿಂದಾಗುದಿಲ್ಲ ಮಾರಾಯ್ರೆ."

ಯಶ್ವಂತ ಅವಳ ಭುಜ ಹಿಡಿದು ಎದ್ದ.

ರಿಕ್ಷಾ ಕರೆಯಲು ಓಡಿದ ವನಮಾಲಾ, ಅವನು ಮತ್ತೆ ಕೂತುಬಿಟ್ಟನೋ ಏನೋ ಎಂದು ಮೆಟ್ಟಿಲ ತಿರುವು ತಿರುವಿನಲ್ಲೂ ನಿಂತು ಮೇಲೆ ನೋಡಿದಳು.